ಅಶು ಎಂಬ ಹೆಸರು

ಯಹೂದಿಗಳ ಬಗ್ಗೆ ನಮ್ಮ ಬಳ್ಳಾರಿಯಂಥ ಊರಿನ ಹೆಂಗಸರಿಗೆ ಗೊತ್ತಿರುವುದು ಕಡಿಮೆ. ಆನ್ ಫ್ರಾಂಕಳ ದಿನಚರಿ ಓದಿದವರು ಒಂದಿಬ್ಬರು ಸಿಕ್ಕಾರು, ಹಿಟ್ಲರನ ಹೆಸರನ್ನು ಎಲ್ಲರೂ ಕೇಳಿದ್ದಾರೆ, ಅಷ್ಟೇ. ಆದರೆ ಹೆಸರುಗಳ ವಿಷಯದಲ್ಲಿ ಆ ಜನ ಇಟ್ಟುಕೊಂಡಿರುವ ನಂಬಿಕೆ, ಕಟ್ಟಳೆಗಳನ್ನು ಓದುತ್ತ ಹೋದರೆ ಇದು ದೂರದವರ ಮಾತಲ್ಲ, ನಮ್ಮ ಅಡುಗೆಮನೆಯ ಮಾತೇ ಅನ್ನಿಸತೊಡಗುತ್ತದೆ. ನನಗೆ ಹಾಗೆ ಅನ್ನಿಸಿದ್ದಕ್ಕೆ ಎರಡು ಪುಸ್ತಕಗಳು ಕಾರಣ. ಒಂದು, ಅಮಿತಾವ್ ಘೋಷ್ 1992ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’. ಇನ್ನೊಂದು, ನೇಮಿಚಂದ್ರ ಅವರ ಕಾದಂಬರಿ ‘ಯಾದ್ ವಶೇಮ್’, 2007ರದು. ಮೊದಲನೆಯದರಲ್ಲಿ 12ನೇ ಶತಮಾನದ ಮಂಗಳೂರಿನಲ್ಲಿ ನಮ್ಮ ಕರಾವಳಿಯ ಹೆಣ್ಣೊಬ್ಬಳಿಗೆ ಯಹೂದಿ ಹೆಸರು ಇಡುತ್ತಾರೆ. ಎರಡನೆಯದರಲ್ಲಿ 20ನೇ ಶತಮಾನದ ಬೆಂಗಳೂರಿನಲ್ಲಿ ಯಹೂದಿ ಹುಡುಗಿಯೊಬ್ಬಳಿಗೆ ನಮ್ಮವರ ಹೆಸರು ಬರುತ್ತದೆ. ಒಂದು ನಡೆದದ್ದು, ಇನ್ನೊಂದು ಕಟ್ಟಿದ್ದು. ಎರಡರಲ್ಲೂ ಹೆಸರು ಹೋದದ್ದು ಹೆಣ್ಣಿನದು.

ಘೋಷರ ಪುಸ್ತಕವನ್ನು ಕಾದಂಬರಿ ಎನ್ನಬೇಕೋ, ಪ್ರವಾಸಕಥನ ಎನ್ನಬೇಕೋ, ಇತಿಹಾಸ ಎನ್ನಬೇಕೋ ಎಂದು ಪಂಡಿತರು ಸಾಕಷ್ಟು ಚರ್ಚೆ ಮಾಡಿದ್ದಾರೆ. ಆ ಚರ್ಚೆ ನನಗೆ ಬೇಡ. ಅದರ ಒಂದು ಎಳೆ ಈಜಿಪ್ಟಿನ ಹಳ್ಳಿಗಳಲ್ಲಿ ಘೋಷರು ಕಳೆದ ದಿನಗಳದು. ಇನ್ನೊಂದು ಎಳೆ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯದು. ಈತ ಈಗಿನ ಟುನೀಷಿಯಾ ದೇಶದ ಮಹ್ದಿಯಾ ಎಂಬ ಊರಿನವನು. ಯಹೂದಿ. ಏಡನ್ನಿಗೆ ಬಂದು, ಅಲ್ಲಿಂದ ಸುಮಾರು 1132ರ ಹೊತ್ತಿಗೆ ಮಂಗಳೂರಿಗೆ ಬಂದು, ಹದಿನೇಳು ವರ್ಷ ಅಲ್ಲೇ ನೆಲೆಸಿದ. ಮೆಣಸು, ಅಡಿಕೆ, ಕಬ್ಬಿಣ ಸಾಗಿಸಿದ. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆಯನ್ನೂ ಇಟ್ಟಿದ್ದ. ಏಡನ್ನಿನ ಗೆಳೆಯರು ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಕಳಿಸುತ್ತಿದ್ದರು. ಅವರ ಪತ್ರಗಳಲ್ಲಿ ನಮ್ಮ ಮಂಗಳೂರು ‘ಮಂಜರೂರ್’. (ಊರಿನ ಹೆಸರು ಪರಭಾಷೆಯವರ ಬಾಯಲ್ಲಿ ಹೀಗೆ ತಿರುಚಿಕೊಳ್ಳುವುದು ನಮಗೇನು ಹೊಸದಲ್ಲ. ನಮ್ಮ ಬಳ್ಳಾರಿ ಇಂಗ್ಲಿಷಿನಲ್ಲಿ ‘ಬೆಲ್ಲಾರಿ’ ಆಗಿದ್ದು, 2014ರ ನವೆಂಬರ್ 1ರಂದು ಸರ್ಕಾರದ ಆದೇಶದ ಮೇಲೆ ಮತ್ತೆ ಬಳ್ಳಾರಿ ಆಯಿತಲ್ಲ.)

ಇಷ್ಟೆಲ್ಲ ನಮಗೆ ತಿಳಿಯುವುದಕ್ಕೆ ಕಾರಣವೇ ಒಂದು ಹೆಸರು. ದೇವರ ಹೆಸರು.

ಯಹೂದಿಗಳಲ್ಲಿ ದೇವರ ಹೆಸರು ಬರೆದ ಹಾಳೆಯನ್ನು ಹರಿಯಬಾರದು, ಸುಡಬಾರದು, ಕಸಕ್ಕೆ ಎಸೆಯಬಾರದು. ನಾವು ಲಗ್ನಪತ್ರಿಕೆಯ ಮೇಲಿನ ಗಣಪತಿಯನ್ನು ಕಸದ ಬುಟ್ಟಿಗೆ ಹಾಕಲು ಹೆದರಿ ಅಟ್ಟದ ಮೇಲೆ ಕಟ್ಟು ಕಟ್ಟಿ ಇಡುತ್ತೇವಲ್ಲ, ಹಾಗೆ. ಅವರು ಅಂಥ ಹಾಳೆಗಳನ್ನು ಪ್ರಾರ್ಥನಾಮಂದಿರದ ಒಂದು ಕೋಣೆಯಲ್ಲಿ ಹಾಕಿಡುತ್ತಾರೆ. ಆ ಕೋಣೆಗೆ ‘ಗೆನೀಜಾ’ ಎಂದು ಹೆಸರು. ಹಳೇ ಕೈರೋದ ಬೆನ್ ಎಜ್ರಾ ಮಂದಿರದ ಗೆನೀಜಾದಲ್ಲಿ ಶತಮಾನಗಟ್ಟಲೆ ಕಾಗದ ಬಿದ್ದಿತ್ತು. ಪತ್ರ ಬರೆಯುವಾಗ ಮೊದಲು ದೇವರನ್ನು ನೆನೆಯುವುದು ವಾಡಿಕೆಯಾದ್ದರಿಂದ ವ್ಯಾಪಾರದ ಪತ್ರಗಳೂ, ಲೆಕ್ಕದ ಚೀಟಿಗಳೂ, ವರದಕ್ಷಿಣೆಯ ಪಟ್ಟಿಗಳೂ ಅಲ್ಲಿಗೇ ಹೋದವು. 1896ರಲ್ಲಿ ಸ್ಕಾಟ್ಲೆಂಡಿನ ಇಬ್ಬರು ಅವಳಿ ಸಹೋದರಿಯರು ಈಜಿಪ್ಟ್ ಕಡೆಯ ಪ್ರವಾಸದಿಂದ ತಂದ ಕೆಲವು ಹಾಳೆಗಳನ್ನು ಕೇಂಬ್ರಿಜ್‌ನ ಸಾಲೊಮನ್ ಶೆಖ್ಟರ್ ಎಂಬ ವಿದ್ವಾಂಸನಿಗೆ ತೋರಿಸಿದರು. ಅವನು ಕೈರೋಗೆ ಓಡಿದ. ಮುಂದಿನ ವರ್ಷ ಆ ಕೋಣೆಯ ಬಹುಪಾಲು ಸರಕು ಕೇಂಬ್ರಿಜ್ ಸೇರಿತು. ಆ ಸಹೋದರಿಯರು ಹುಟ್ಟಾ ಸ್ಮಿತ್ ಮನೆತನದವರು. ಲೋಕ ಅವರನ್ನು ನೆನೆಯುವುದು ಗಂಡಂದಿರ ಹೆಸರಿನಿಂದ, ಶ್ರೀಮತಿ ಲೂಯಿಸ್, ಶ್ರೀಮತಿ ಗಿಬ್ಸನ್ ಎಂದು. ಹೆಸರಿನ ವಿಷಯ ಬರೆಯುವಾಗ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.

ಆ ರಾಶಿಯಿಂದ ಹೊರಬಿದ್ದ ಕಾಗದಗಳಲ್ಲಿ ಬೆನ್ ಯಿಜುವಿನವೂ ಇದ್ದವು. ಗೊಯಿಟೈನ್ ಎಂಬ ಹಿರಿಯ ಸಂಶೋಧಕ ಜೀವಮಾನವೆಲ್ಲ ಗೆನೀಜಾ ಕಾಗದಗಳನ್ನು ಓದಿ ಜೋಡಿಸಿದರು, 1985ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ‘ಇಂಡಿಯಾ ಬುಕ್’ ಕೆಲಸವನ್ನು ಫ್ರೀಡ್‌ಮನ್ ಎಂಬವರು ಮುಗಿಸಿ 2008ರಲ್ಲಿ ಅಚ್ಚು ಹಾಕಿಸಿದರು. ಈ ಕಾಗದಗಳ ಪೈಕಿ 1132ರ ಅಕ್ಟೋಬರ್ 17ರ ತಾರೀಖು ಹೊತ್ತ ಒಂದು ಪತ್ರವಿದೆ. ಮಂಗಳೂರಿನಲ್ಲಿ ಬರೆದದ್ದು. ಅದು ದಾಸಿಯ ಬಿಡುಗಡೆಯ ಪತ್ರ. ಬೆನ್ ಯಿಜು ತನ್ನ ದಾಸಿ ಅಶು ಎಂಬವಳನ್ನು ಸ್ವತಂತ್ರಳನ್ನಾಗಿ ಮಾಡಿದ್ದಾನೆ. ಅವಳಿಗೆ ಬೆರಾಖಾ ಎಂಬ ಹೊಸ ಹೆಸರು ಕೊಟ್ಟಿದ್ದಾನೆ. ಬೆರಾಖಾ ಎಂದರೆ ಹೀಬ್ರೂ ಭಾಷೆಯಲ್ಲಿ ಆಶೀರ್ವಾದ. ಆಮೇಲೆ ಅವನು ಅವಳನ್ನೇ ಮದುವೆಯಾದ, ಅವನ ಮಕ್ಕಳ ತಾಯಿ ಅವಳೇ ಎಂದು ಸಂಶೋಧಕರು ತಿಳಿಯುತ್ತಾರೆ.

ಈ ಪತ್ರವನ್ನು ಘೋಷರು ಪ್ರೇಮದ ಕಡೆಯಿಂದ ನೋಡುತ್ತಾರೆ. ಪ್ರೇಮ ಎಂದು ಪೂರ್ತಿ ಹೇಳಲಾರರು, ದಾಖಲೆ ಸಾಕ್ಷಿ ಹೇಳುವುದಿಲ್ಲ ಎಂದು ಹಿಂಜರಿಯುತ್ತಾರೆ. ಆದರೆ ಹಾಗಿದ್ದರೆ ಎಷ್ಟು ಚೆನ್ನ ಎಂಬ ಆಸೆ ಅವರ ವಾಕ್ಯಗಳ ಹಿಂದೆ ಕಾಣಿಸುತ್ತದೆ. ಯಹೂದಿ ಹುಡುಗಿಯರಿಗೇನೂ ಕೊರತೆಯಿಲ್ಲದ ವ್ಯಾಪಾರಿ ತನ್ನ ಮತದವಳಲ್ಲದ, ಕುಲ ಬೇರೆಯಾದ, ದಾಸಿಯಾದ ಹೆಣ್ಣನ್ನು ಯಾಕೆ ಮದುವೆಯಾದ ಎಂದು ಅವರು ಬೆರಗಾಗುತ್ತಾರೆ.

ನಾವು ನಾಲ್ಕೈದು ಜನ ಹೆಂಗಸರು ಗಾಂಧಿನಗರದಲ್ಲಿ ತಿಂಗಳಿಗೊಂದು ಸಲ ಯಾರದಾದರೂ ಮನೆಯಲ್ಲಿ ಸೇರಿ ಓದಿದ್ದನ್ನು ಮಾತಾಡುತ್ತೇವೆ. ಈ ಭಾಗವನ್ನು ನಾನು ಕನ್ನಡದಲ್ಲಿ ಹೇಳಿದಾಗ ನಮ್ಮಲ್ಲಿ ಹಿರಿಯರಾದ, ಮೂವತ್ತು ವರ್ಷ ಕೋರ್ಟಿನಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದ ಒಬ್ಬರು, “ಅಲ್ಲಮ್ಮಾ, ಪ್ರೀತಿ ಗೀತಿ ಆಮೇಲೆ. ಆ ಪತ್ರದಾಗ ಆಕಿ ಹೆಸರು ಎರಡೂ ಬರದಾರೇನು?” ಎಂದು ಕೇಳಿದರು. ಬರೆದಿದ್ದಾರೆ ಎಂದೆ. “ಹಂಗಾದ್ರ ಅದು ಪಕ್ಕಾ ಪತ್ರ” ಎಂದರು.

ಅವರ ಮಾತಿನಲ್ಲಿ ಘೋಷರು ಹೆಚ್ಚು ನಿಲ್ಲದೆ ದಾಟಿಹೋದ ಒಂದು ಸಂಗತಿ ಇದೆ. ಯಹೂದಿ ಕಾನೂನಿನಲ್ಲಿ ದಾಸಿಯ ಬಿಡುಗಡೆ ಪತ್ರಕ್ಕೂ ಹೆಂಡತಿಗೆ ಕೊಡುವ ವಿಚ್ಛೇದನ ಪತ್ರಕ್ಕೂ ಹಲವು ನಿಯಮಗಳು ಒಂದೇ. ಎರಡಕ್ಕೂ ‘ಗೆಟ್’ ಎಂದೇ ಕರೆಯುತ್ತಾರೆ. ವಿಚ್ಛೇದನ ಪತ್ರದಲ್ಲಿ ಊರಿನ ಹೆಸರನ್ನು ಅದರ ನದಿಯೋ ಕಡಲೋ ಯಾವುದೆಂದು ಸೇರಿಸಿ ಬರೆಯುವ ಪದ್ಧತಿ ಇದೆ. ಗಂಡನ ಹೆಸರು, ಹೆಂಡತಿಯ ಹೆಸರು ಮಾತ್ರವಲ್ಲ, ಅವರಿಗೆ ಇರುವ ಇತರ ಹೆಸರುಗಳು, ಅಡ್ಡಹೆಸರುಗಳು ಎಲ್ಲವನ್ನೂ ಒಳಗೊಳ್ಳುವ ಮಾತು ಅದರಲ್ಲಿರುತ್ತದೆ. ಹೆಸರು ತಪ್ಪಿದರೆ ಪತ್ರವೇ ಕೆಡಬಹುದು. ಪತ್ರ ಕೆಟ್ಟರೆ ಹೆಣ್ಣು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಹಾಗಾಗಿ ಅವರು ಹೆಸರಿನ ಒಂದೊಂದು ಅಕ್ಷರಕ್ಕೂ ಲೆಕ್ಕ ಇಡುತ್ತಾರೆ. ಬಿಡುಗಡೆ ಆಗಬೇಕಾದವಳು ಅಶು. ಬೆರಾಖಾ ಎಂಬವಳು ದಾಸಿಯಾಗಿ ಇರಲೇ ಇಲ್ಲ, ಅವಳನ್ನು ಬಿಡಿಸುವುದೇನು? ಆದ್ದರಿಂದ ಹಳೆಯ ಹೆಸರನ್ನು ಬರೆಯಲೇಬೇಕಾಯಿತು. ಅವಳ ಹೆಸರು ಇಂದು ನಮಗೆ ಸಿಕ್ಕಿರುವುದು ಯಾರೋ ಅವಳನ್ನು ನೆನಪಿಡಬೇಕೆಂದು ಬಯಸಿದ್ದರಿಂದಲ್ಲ, ಕಾನೂನು ಅಷ್ಟು ಕಟ್ಟುನಿಟ್ಟಾಗಿದ್ದರಿಂದ. ಆ ಕಾಗದ ಉಳಿದದ್ದಾದರೂ ದೇವರ ಹೆಸರಿನ ಭಯದಿಂದ.

ಇನ್ನೊಂದು ಮಾತು. ಯಹೂದಿ ಮತಕ್ಕೆ ಹೊರಗಿನಿಂದ ಬಂದವರ ತಂದೆಯ ಹೆಸರಿನ ಜಾಗದಲ್ಲಿ ಆದಿಪುರುಷ ಅಬ್ರಹಾಮನ ಹೆಸರು ಹಾಕುವುದು ವಾಡಿಕೆ. ಗಂಡಾದರೆ ಅಬ್ರಹಾಮನ ಮಗ, ಹೆಣ್ಣಾದರೆ ಅಬ್ರಹಾಮನ ಮಗಳು. ಇಲ್ಲಿ ಒಡೆಯನ ಹೆಸರೂ ಅಬ್ರಹಾಂ, ಆಮೇಲೆ ಗಂಡನಾದವನೂ ಅದೇ ಅಬ್ರಹಾಂ. ತಂದೆ, ಒಡೆಯ, ಗಂಡ, ಮೂವರಿಗೂ ಒಂದೇ ಹೆಸರು. ಕಾದಂಬರಿಕಾರ ಹೀಗೆ ಕಟ್ಟಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಘೋಷರ ಪುಸ್ತಕದ ನಿಜವಾದ ನಾಯಕ ಅಶುವಲ್ಲ, ಬೊಮ್ಮ. ಬೆನ್ ಯಿಜುವಿನ ಆಳು. 1148ರಲ್ಲಿ ಏಡನ್ನಿನಿಂದ ಬಂದ ಒಂದು ಪತ್ರದಲ್ಲಿ ಅವನಿಗೆ ವಿಶೇಷವಾಗಿ ನಮಸ್ಕಾರ ಹೇಳಿ ಕಳಿಸಿದ್ದಾರೆ. ಆಳಿಗೆ ನಮಸ್ಕಾರ! ಆ ಒಂದು ಸಾಲು ಹಿಡಿದು ಘೋಷರು ಅವನನ್ನು ಹುಡುಕಿಕೊಂಡು ಹೊರಡುತ್ತಾರೆ. ಪತ್ರಗಳಲ್ಲಿ ಅವನ ಹೆಸರು ಬರೀ ಮೂರು ವ್ಯಂಜನ: ಬ, ಮ, ಹ. ಯಹೂದಿ ಲಿಪಿಯಲ್ಲಿ ಸ್ವರಗಳನ್ನು ಪೂರ್ತಿ ಬರೆಯುವುದಿಲ್ಲ. ಮೊದಲು ಪಂಡಿತರು ಅದನ್ನು ‘ಬಾಮ’ ಎಂದು ಓದಿದ್ದರು. ಘೋಷರು ಮಂಗಳೂರಿಗೆ ಬಂದು, ತುಳು ಜಾನಪದದ ವಿದ್ವಾಂಸರಾದ ಬಿ. ಎ. ವಿವೇಕ ರೈ ಅವರನ್ನು ಕಂಡು, ಅದು ‘ಬೊಮ್ಮ’ ಎಂದು ತಿಳಿದು, ತುಳುನಾಡಿನ ಬೆರ್ಮೆರ್ ದೈವದವರೆಗೆ ಆ ಹೆಸರಿನ ಬೇರು ಹಿಡಿದು ಹೋಗುತ್ತಾರೆ. ಈ ಭಾಗ ಓದುವಾಗ ನನಗೆ ಮೈ ಜುಮ್ಮೆಂದಿತು. ಕನ್ನಡದವರಿಗೆ ಬೊಮ್ಮ ಎಂಬ ಹೆಸರು ಹೊಸದಲ್ಲ. ಅದೇ ಶತಮಾನದಲ್ಲಿ ಕಲ್ಯಾಣದಲ್ಲಿ ಕಿನ್ನರಿ ಬೊಮ್ಮಯ್ಯ ಇದ್ದರು. ಅರಬ್ಬಿ ಕಡಲಿನ ವ್ಯಾಪಾರದ ಪತ್ರವೊಂದರಲ್ಲಿ ಬೊಮ್ಮ ಎಂಬವನು ತಲೆ ಎತ್ತಿ ನೋಡಿದರೆ ಯಾವುದೋ ಸಂಬಂಧಿ ಸಿಕ್ಕ ಹಾಗೆ.

ಬೊಮ್ಮನ ಹೆಸರಿಗಾಗಿ ಅಷ್ಟು ದಾರಿ ನಡೆದವರು ಅಶು ಎಂಬ ಹೆಸರಿಗೆ ಅದರ ಕಾಲುಭಾಗ ನಡೆಯಲಿಲ್ಲ. ಅಶುವಿನ ಬಗ್ಗೆ ಅವರು ಹೇಳುವುದೆಲ್ಲ ಕೆಲವೇ ಪುಟ. ಅವಳ ಅಣ್ಣನೋ ತಮ್ಮನೋ ಇರಬೇಕಾದ ‘ನಾಯಿರ್’ ಎಂಬವನು ಬೆನ್ ಯಿಜುವಿನ ಲೆಕ್ಕದಲ್ಲಿ ಒಂದು ಕಡೆ ಬರುತ್ತಾನೆ; ಅದರಿಂದ ಅವಳು ಅಳಿಯಸಂತಾನದ ನಾಯರ್ ಕುಲದವಳಿರಬಹುದು ಎಂದು ಊಹಿಸುತ್ತಾರೆ. ಅವಳಿಗೆ ಒಂದು ಕುಲ ಸಿಕ್ಕಿದ್ದೂ ಗಂಡಸಿನ ಹೆಸರಿನಿಂದ. ನಮಗೆ ಅಶು ಎಂದೊಡನೆ ಆಶುಕವಿ ನೆನಪಾಗುತ್ತದೆ, ಮೊದಲಕ್ಷರ ದೀರ್ಘವೋ ಹ್ರಸ್ವವೋ ಎಂಬ ಪ್ರಶ್ನೆ ಏಳುತ್ತದೆ. ಅಥವಾ ಅದು ಮನೆಯಲ್ಲಿ ಮುದ್ದಿಗೆ ಕರೆದ ಅರ್ಧ ಹೆಸರೇ ಇರಬಹುದು. ಯಾವುದಾದರೂ ಇರಲಿ, ಆ ಪ್ರಶ್ನೆಯನ್ನು ಕೇಳುವ ಆಸಕ್ತಿ ಪುಸ್ತಕಕ್ಕೆ ಇರಬೇಕಿತ್ತು ಎಂಬುದು ನನ್ನ ದೂರು. ಬರಹಗಾರ ಸಣ್ಣವರೇನಲ್ಲ, ಇಂಗ್ಲಿಷಿನಲ್ಲಿ ಬರೆಯುವವರಲ್ಲಿ ಮೊದಲ ಬಾರಿಗೆ ಜ್ಞಾನಪೀಠ ಪಡೆದವರು, 2018ನೇ ಸಾಲಿಗೆ. ಇತಿಹಾಸದ ಅಂಚಿನಲ್ಲಿದ್ದವರನ್ನು ಎತ್ತಿ ಹಿಡಿಯಬೇಕೆಂಬ ಅವರ ಕಳಕಳಿ ನಿಜವಾದದ್ದು. ಅಂಚಿನ ಆಚೆಗೂ ಒಂದು ಅಂಚು ಇದೆಯಲ್ಲ, ಅಲ್ಲಿ ಹೆಂಗಸು ನಿಂತಿರುತ್ತಾಳೆ.

ಅವರೇ ಗಮನಿಸಿದ ಒಂದು ವಿಷಯವನ್ನು ಮಾತ್ರ ಮೆಚ್ಚಿ ಹೇಳಬೇಕು. ಆ ಬಿಡುಗಡೆ ಪತ್ರ ಬಿಟ್ಟರೆ ಬೆನ್ ಯಿಜುವಿನ ಕಾಗದಗಳಲ್ಲಿ ಬೇರೆಲ್ಲೂ ಅವಳ ಹೆಸರಿಲ್ಲ. ಏಡನ್ನಿನ ಗೆಳೆಯರು ಅವನ ಮಕ್ಕಳಿಗೆ ಮರೆಯದೆ ಕ್ಷೇಮ ಹಾರೈಸುತ್ತಾರೆ, ಆಳಿಗೂ ನಮಸ್ಕಾರ ಹೇಳುತ್ತಾರೆ. ಹೆಂಡತಿಯ ಬಗ್ಗೆ ‘ಮನೆಯವರು’ ಎಂಬಂಥ ಮರೆಮಾತು ಕೂಡ ಇಲ್ಲ. ಆ ಸಂಬಂಧ ಅವರಿಗೆ ಒಪ್ಪಿಗೆ ಇರಲಿಲ್ಲವೇನೋ ಎನ್ನುತ್ತಾರೆ ಘೋಷರು. ಇರಬಹುದು. ಹಾಗಾದರೆ ಬೆರಾಖಾ ಎಂಬ ಹೆಸರಿನಿಂದ ಅವಳಿಗೆ ಆದದ್ದೇನು? ಅದು ಅವಳನ್ನು ಕರೆಯಲು ಇಟ್ಟ ಹೆಸರಲ್ಲ, ಪತ್ರದಲ್ಲಿ ಬರೆಯಲು ಇಟ್ಟ ಹೆಸರು ಎಂದು ನನಗೆ ಅನ್ನಿಸುತ್ತದೆ. ಮಂಗಳೂರಿನ ಮನೆಯಲ್ಲಿ ಅನ್ನಕ್ಕೆ ಕೂಗುವಾಗ, ಮಗು ಅತ್ತಾಗ ಕರೆಯುವಾಗ, ಯಾರ ಬಾಯಿಂದ ಬೆರಾಖಾ ಎಂದು ಬಂದೀತು?

ಹೆಸರು ಬದಲಾಯಿಸುವುದು ಯಹೂದಿಗಳಲ್ಲಿ ಕೆಟ್ಟದ್ದೆಂದೇನೂ ಅಲ್ಲ. ಅವರ ಪುರಾಣದಲ್ಲಿ ಅಬ್ರಾಂ ಎಂಬವನನ್ನು ದೇವರೇ ಅಬ್ರಹಾಂ ಎಂದು ಕರೆದ. ಅವನ ಹೆಂಡತಿ ಸಾರಾಯಿ, ಸಾರಾ ಆದಳು. ಕಾಯಿಲೆ ಬಿದ್ದು ಬದುಕುವ ಆಸೆ ಕಡಿಮೆಯಾದವರಿಗೆ ಹೊಸ ಹೆಸರು ಇಡುವ ಪದ್ಧತಿಯೂ ಅವರಲ್ಲಿದೆ. ಹೆಸರು ಬದಲಾದರೆ ವಿಧಿಯ ತೀರ್ಪೂ ಬದಲಾದೀತೆಂಬ ನಂಬಿಕೆ ಅವರ ತಾಲ್ಮುದ್ ಗ್ರಂಥದಷ್ಟು ಹಳೆಯದು. ಮೃತ್ಯುದೂತ ಹಳೆಯ ಹೆಸರು ಕೇಳಿಕೊಂಡು ಬಂದರೆ ಆ ಹೆಸರಿನವರು ಇಲ್ಲಿ ಯಾರೂ ಇಲ್ಲವಲ್ಲ! ನಮ್ಮ ಕಡೆ ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲಿಟ್ಟು ಎತ್ತಿಕೊಂಡು ತಿಪ್ಪಮ್ಮ ಎಂದು ಕರೆಯುತ್ತಿದ್ದುದು, ತೆಲುಗು ಮಾತಾಡುವ ಮನೆಗಳಲ್ಲಿ ಪೆಂಟಮ್ಮ ಎನ್ನುತ್ತಿದ್ದುದು ಇದೇ ಉಪಾಯ. ಸಾವಿಗೆ ಮೋಸ ಮಾಡುವ ಉಪಾಯ. ಮೂರು ಹೆಣ್ಣಾದ ಮೇಲೆ ನಾಲ್ಕನೆಯದಕ್ಕೆ ಸಾಕಮ್ಮ ಎಂದು ಇಡುತ್ತಿದ್ದುದು ಮಾತ್ರ ಬೇರೆ ಉಪಾಯ, ಅದು ಹುಟ್ಟುವುದಕ್ಕೇ ಬೇಲಿ ಹಾಕುವುದು.

ಬೈಬಲಿನಲ್ಲಿ ಮತ್ತೊಂದು ಕಥೆ ಇದೆ, ಹೆಂಗಸರು ಓದಬೇಕಾದದ್ದು. ನವೊಮಿ ಎಂಬ ಅತ್ತೆ, ರೂತ್ ಎಂಬ ಸೊಸೆ. ರೂತ್ ಮೋವಾಬ್ ದೇಶದವಳು, ಪರಮತದವಳು. ಗಂಡ ಸತ್ತ ಮೇಲೂ ಅತ್ತೆಯನ್ನು ಬಿಡದೆ ಅವಳ ಹಿಂದೆಯೇ ಬಂದು, ಅವಳ ದೇವರನ್ನೇ ತನ್ನ ದೇವರೆಂದು ಒಪ್ಪಿದವಳು. ಹೊರಗಿನಿಂದ ಬಂದು ಯಹೂದಿಯಾದವರಲ್ಲಿ ಇವಳಷ್ಟು ಗೌರವ ಪಡೆದವಳು ಇನ್ನೊಬ್ಬಳಿಲ್ಲ. ದಾವೀದ ರಾಜನ ಮುತ್ತಜ್ಜಿ ಇವಳೇ. ಇವಳ ಹೆಸರನ್ನು ಆ ಕಥೆಯಲ್ಲಿ ಯಾರೂ ಬದಲಾಯಿಸಲಿಲ್ಲ. ಊರ ಹೆಸರನ್ನೂ ಬಿಡಿಸಲಿಲ್ಲ. ಕೊನೆಕೊನೆಗೂ ಅವಳು ಮೋವಾಬಿನ ರೂತಳೇ. ಹೆಸರು ಬದಲಾಯಿಸಿಕೊಳ್ಳಲು ಬಯಸಿದವಳು ಅತ್ತೆ. ನವೊಮಿ ಎಂದರೆ ಹಿತವಾದವಳು. ಗಂಡನೂ ಮಕ್ಕಳೂ ಸತ್ತ ಮೇಲೆ ತನ್ನನ್ನು ಇನ್ನು ಮಾರಾ, ಅಂದರೆ ಕಹಿಯಾದವಳು, ಎಂದು ಕರೆಯಿರಿ ಎಂದು ಊರ ಹೆಂಗಸರಿಗೆ ಹೇಳುತ್ತಾಳೆ. ಯಾರೂ ಹಾಗೆ ಕರೆದಂತೆ ಕಾಣುವುದಿಲ್ಲ, ಕಥೆಯೂ ಅವಳನ್ನು ನವೊಮಿ ಎಂದೇ ಹೇಳುತ್ತ ಹೋಗುತ್ತದೆ. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳಲು ಹೊರಟವಳ ಮಾತು ನಡೆಯಲಿಲ್ಲ.

ಹೆಸರು ಬದಲಾಯಿಸುವ ಕೈ ಯಾರದು ಎಂಬುದರ ಮೇಲೆ ಎಲ್ಲ ನಿಂತಿದೆ. 1938ರ ಆಗಸ್ಟಿನಲ್ಲಿ ಜರ್ಮನಿಯ ನಾಜಿ ಸರ್ಕಾರ ಒಂದು ಆಜ್ಞೆ ಹೊರಡಿಸಿತು. ಯಹೂದಿ ಎಂದು ಕೂಡಲೇ ಗುರುತು ಸಿಗದಂಥ ಹೆಸರಿದ್ದವರು 1939ರ ಜನವರಿಯಿಂದ ಒಂದು ಹೆಸರು ಸೇರಿಸಿಕೊಳ್ಳಬೇಕು: ಗಂಡಸರು ‘ಇಸ್ರೇಲ್’, ಹೆಂಗಸರು ‘ಸಾರಾ’. ದೇವರು ಪ್ರೀತಿಯಿಂದ ಕೊಟ್ಟದ್ದೆಂದು ಅವರು ನಂಬಿದ, ರಾಜಕುಮಾರಿ ಎಂಬ ಅರ್ಥದ ಆ ಹೆಸರು ದನದ ಮೈಮೇಲಿನ ಮುದ್ರೆಯ ಹಾಗಾಯಿತು. ಶಿಬಿರಗಳಲ್ಲಿ ಆ ಹೆಸರೂ ಹೋಗಿ ಸಂಖ್ಯೆ ಬಂತು. ಸತ್ತವರ ನೆನಪಿಗೆ ಜೆರುಸಲೇಮಿನಲ್ಲಿ 1953ರಲ್ಲಿ ಸ್ಥಾಪಿಸಿದ ಸ್ಮಾರಕಕ್ಕೆ ‘ಯಾದ್ ವಶೇಮ್’ ಎಂದು ಹೆಸರಿಟ್ಟರು. ಪ್ರವಾದಿ ಯೆಶಾಯನ ಗ್ರಂಥದಿಂದ ತೆಗೆದುಕೊಂಡ ಮಾತು. ‘ಒಂದು ಸ್ಮಾರಕ ಮತ್ತು ಒಂದು ಹೆಸರು’ ಎಂದು ಅರ್ಥ. ಸತ್ತ ಒಬ್ಬೊಬ್ಬರ ಹೆಸರನ್ನೂ ಹುಡುಕಿ ಬರೆದಿಡುವುದು ಅವರ ಮುಖ್ಯ ಕೆಲಸಗಳಲ್ಲಿ ಒಂದು.

ನೇಮಿಚಂದ್ರ ತಮ್ಮ ಕಾದಂಬರಿಗೆ ಆ ಹೆಸರನ್ನೇ ಇಟ್ಟರು. ಹಿಟ್ಲರನ ಜರ್ಮನಿಯಿಂದ ತಂದೆಯ ಜೊತೆ ತಪ್ಪಿಸಿಕೊಂಡು ಬೆಂಗಳೂರಿಗೆ ಬಂದ ಹ್ಯಾನಾ ಎಂಬ ಹುಡುಗಿ, ತಂದೆಯನ್ನೂ ಕಳೆದುಕೊಂಡು, ಇಲ್ಲಿಯವರ ಮನೆಯಲ್ಲಿ ಅನಿತಾ ಆಗಿ ಬೆಳೆಯುತ್ತಾಳೆ. ವಯಸ್ಸಾದ ಮೇಲೆ ತನ್ನವರು ಏನಾದರೆಂದು ಹುಡುಕಿಕೊಂಡು ದೇಶದೇಶ ತಿರುಗುತ್ತಾಳೆ. ಕನ್ನಡದಲ್ಲಿ ಇಂಥ ವಸ್ತುವನ್ನು ಎತ್ತಿಕೊಂಡ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಬೆಂಗಳೂರಿನ ಒಂದು ಮನೆಯ ಹೊಸ್ತಿಲಿನಿಂದ ಯುರೋಪಿನ ಆ ನರಕಕ್ಕೆ ದಾರಿ ಮಾಡಿದ್ದು ಸಣ್ಣ ಕೆಲಸವಲ್ಲ. ದ್ವೇಷ ಯಾವ ದೇಶದಲ್ಲೂ ಹುಟ್ಟಬಹುದು, ನಮ್ಮಲ್ಲೂ, ಎಂಬ ಎಚ್ಚರ ಆ ಪುಸ್ತಕದ ಜೀವಾಳ.

ಆದರೆ ನನ್ನ ಮನಸ್ಸು ಹಿಡಿದು ನಿಲ್ಲುವುದು ಹ್ಯಾನಾ ಅನಿತಾ ಆಗುವ ಆ ತಿರುವಿನಲ್ಲಿ. ಅದು ಆಶ್ರಯದ ಜೊತೆಗೆ ಬಂದ ಹೆಸರು. ಅಲ್ಲಿ ಬಲವಂತವಿಲ್ಲ, ಅಕ್ಕರೆ ಇದೆ. ಅದಕ್ಕೇ ಅದನ್ನು ಪ್ರಶ್ನಿಸುವುದು ಕಷ್ಟ. ನಾಜಿಗಳು ಕೊಟ್ಟ ‘ಸಾರಾ’ ಅನ್ನು ಉಗುಳಬಹುದು. ಅನ್ನ ಹಾಕಿದ ಕೈ ಕೊಟ್ಟ ‘ಅನಿತಾ’ಳನ್ನು ಏನು ಮಾಡುವುದು? ಅಶುವಿಗೆ ಸಿಕ್ಕ ‘ಬೆರಾಖಾ’ ಇವೆರಡರ ನಡುವೆ ಎಲ್ಲೋ ಇದೆ. ಬಿಡುಗಡೆಯ ಜೊತೆಗೆ ಬಂದದ್ದು, ಕೊಂಡವನ ಕೈಯಿಂದ ಬಂದದ್ದು. ನೇಮಿಚಂದ್ರರ ನಾಯಕಿಗೆ ಮಾತ್ರ ತಿರುಗಿ ಹುಡುಕಿಕೊಂಡು ಹೋಗುವ ಅವಕಾಶ ಸಿಕ್ಕಿತು. ಕಾದಂಬರಿಕಾರ್ತಿಯೊಬ್ಬರು ಇದ್ದದ್ದರಿಂದ ಸಿಕ್ಕಿತು ಎನ್ನಿ.

ಇದನ್ನೆಲ್ಲ ನಾವು ಯಾಕೆ ಇಷ್ಟು ಹಚ್ಚಿಕೊಳ್ಳಬೇಕು ಎಂದರೆ, ನಮ್ಮಲ್ಲಿ ಎಷ್ಟೋ ಜನ ಅಶುಗಳೇ. ಕೆಲವು ಮನೆತನಗಳಲ್ಲಿ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡನ ಕೈಯಿಂದ ಉಂಗುರದಲ್ಲಿ ಹೊಸ ಹೆಸರು ಬರೆಸುತ್ತಾರೆ. ನಗುತ್ತ, ಫೋಟೋ ಹೊಡೆಸಿಕೊಳ್ಳುತ್ತ ಮುಗಿಯುವ ಶಾಸ್ತ್ರ. ಅಕ್ಕಿಯ ಮೇಲೆ ಬರೆದದ್ದು ತಟ್ಟೆ ಅಲುಗಿದರೆ ಅಳಿಸಿಹೋಗುತ್ತದೆ, ಹೆಸರು ಮಾತ್ರ ಉಳಿಯುತ್ತದೆ. ಹಳೆಯ ಹೆಸರನ್ನು ಹೊಸ ಹೆಸರಿನ ಪಕ್ಕದಲ್ಲಿ ಬರೆದಿಡಬೇಕೆಂಬ ಯಾವ ಕಟ್ಟಳೆಯೂ ಆ ಶಾಸ್ತ್ರದಲ್ಲಿಲ್ಲ. ಹೆಸರು ಬದಲಾಗದ ಮನೆಗಳಲ್ಲೂ ತಂದೆಯ ಇನಿಷಿಯಲ್ ಹೋಗಿ ಗಂಡನದು ಬರುತ್ತದೆ. ಅತ್ತೆಯ ಹೆಸರೂ ಸೊಸೆಯ ಹೆಸರೂ ಒಂದೇ ಆದರೆ ಬದಲಾಗುವುದು ಸೊಸೆಯದು. ಹುಟ್ಟಿದ ಮಗುವಿಗೆ ಅತ್ತೆಯ ಹೆಸರಿಟ್ಟರೆ ಸೊಸೆ ಆ ಹೆಸರು ಹಿಡಿದು ಕರೆಯುವಂತಿಲ್ಲ, ಬೈಯುವುದಂತೂ ದೂರ. ಆ ಮಗು ಅವಳ ಬಾಯಲ್ಲಿ ಅವ್ವಿಯೋ ಅಮ್ಮಣ್ಣಿಯೋ ಆಗುತ್ತದೆ.

ಈ ಅಳಿಸಿದ ಹೆಸರುಗಳೆಲ್ಲ 2023ರಲ್ಲಿ ಒಮ್ಮೆಗೇ ಎದ್ದು ಬಂದವು. ಗೃಹಲಕ್ಷ್ಮಿ ಯೋಜನೆ ಶುರುವಾಗಿ, ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಎಂದಾಗ, ಅರ್ಜಿ ಹಾಕಲು ಹೋದ ಹೆಂಗಸರ ಕೈಯಲ್ಲಿ ಮೂರು ಕಾಗದ, ಮೂರು ಹೆಸರು. ನಮ್ಮ ಓಣಿಯಲ್ಲಿ ಮನೆಗೆಲಸಕ್ಕೆ ಬರುವ ಒಬ್ಬಾಕೆಗೆ ರೇಷನ್ ಕಾರ್ಡಿನಲ್ಲಿ ಗಂಡನ ಮನೆಯವರು ಕರೆಯುವ ಹೆಸರು, ಆಧಾರದಲ್ಲಿ ತವರಿನ ಹೆಸರು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಯಾರೋ ಬರೆದುಕೊಂಡ ಮೂರನೆಯ ಹೆಸರು. “ಮೂರೂ ನಾನೇ ಅಕ್ಕಾ, ಆದ್ರ ಯಾರೂ ಒಪ್ಪವಲ್ರ” ಎಂದಳು. ಅವಳಿಗೆ ಬೇಕಾಗಿದ್ದದ್ದು 1132ರ ಮಂಗಳೂರಿನಲ್ಲಿ ಬರೆದಂಥ ಒಂದು ಪತ್ರ: ಆ ಹೆಸರಿನವಳೂ ಈ ಹೆಸರಿನವಳೂ ಒಬ್ಬಳೇ ಎಂದು ಹೇಳುವ ಪತ್ರ. ಕೊನೆಗೆ ನೋಟರಿಯ ಹತ್ತಿರ ಅಫಿಡವಿಟ್ ಮಾಡಿಸಿಕೊಂಡು ಬಂದಳು.

ಯಜಮಾನಿ ಎಂದಾಗ ಅಶುವಿನ ಮಗಳ ಹೆಸರು ನೆನಪಾಗುತ್ತದೆ. ಆ ಮಗಳು ಸಿತ್ ಅಲ್-ದಾರ್. ಅರಬ್ಬಿಯಲ್ಲಿ ಇದಕ್ಕೆ ಮನೆಯ ಒಡತಿ ಎಂದು ಅರ್ಥ. ಗೆನೀಜಾ ಕಾಗದಗಳಲ್ಲಿ ಹೆಂಗಸರ ಹೆಸರುಗಳನ್ನು ಲೆಕ್ಕ ಮಾಡಿದ ಗೊಯಿಟೈನ್ ಒಂದು ಸೋಜಿಗವನ್ನು ಕಂಡರು. ಗಂಡಸರಿಗೆ ಬೈಬಲಿನ ಹೀಬ್ರೂ ಹೆಸರುಗಳು ತುಂಬಿದ್ದರೆ ಹೆಂಗಸರಿಗೆ ಅಂಥವು ತೀರ ಅಪರೂಪ. ಅವರ ಹೆಸರುಗಳೆಲ್ಲ ಅರಬ್ಬಿ, ಅದರಲ್ಲೂ ಒಡೆತನ ಹೇಳುವಂಥವು: ಮನೆಯ ಒಡತಿ, ಎಲ್ಲರ ಒಡತಿ, ಹೀಗೆ. ಈ ಹೆಸರುಗಳನ್ನು ಹೆಂಗಸರೇ ಆರಿಸುತ್ತಿದ್ದರು, ತಾಯಿ ಮಗಳಿಗೆ ಇಡುತ್ತಿದ್ದಳು ಎಂಬುದು ಅವರ ತರ್ಕ. ಧರ್ಮಗ್ರಂಥ ಗಂಡಸರ ಕೈಯಲ್ಲಿತ್ತು. ಹೆಣ್ಣುಮಕ್ಕಳು ಅದರಾಚೆಗೆ ತಮ್ಮದೊಂದು ಹೆಸರಿನ ಬುಟ್ಟಿ ಇಟ್ಟುಕೊಂಡಿದ್ದರು ಎಂಬ ಮಾತು ನನಗೆ ತುಂಬ ಹಿಡಿಸಿತು. ತುಳುನಾಡಿನ ಅಶುವಿಗೆ ಆ ಅರಬ್ಬಿ ಹೆಸರನ್ನು ಆರಿಸುವ ಅಧಿಕಾರ ಇತ್ತೋ, ಏಡನ್ನಿನಿಂದ ಬಂದ ಯಾರಾದರೂ ಹೆಂಗಸು ಸೂಚಿಸಿದಳೋ, ಬೆನ್ ಯಿಜುವೇ ಇಟ್ಟನೋ? ದಾಸಿಯಾಗಿದ್ದವಳ ಮಗಳಿಗೆ ಒಡತಿ ಎಂದು ಹೆಸರಿಟ್ಟವರು ಯಾರೇ ಆಗಲಿ, ತಿಳಿದೇ ಇಟ್ಟಿರಬೇಕು.

1149ರಲ್ಲಿ ಬೆನ್ ಯಿಜು ಮಂಗಳೂರು ಬಿಟ್ಟು ಮಕ್ಕಳೊಂದಿಗೆ ಏಡನ್ನಿಗೆ ಹೊರಟ. ಅಶು ಹೋದಳು ಎಂದು ಯಾವ ಪತ್ರವೂ ಹೇಳುವುದಿಲ್ಲ, ಉಳಿದಳು ಎಂದೂ ಹೇಳುವುದಿಲ್ಲ. ಒಬ್ಬ ಮಗ ಎಳೆಯ ವಯಸ್ಸಿನಲ್ಲಿ ತೀರಿಕೊಂಡಿದ್ದ. ಸುರೂರ್ ಎಂಬ ಇನ್ನೊಬ್ಬನ ಹೆಸರಿಗೆ ಸಂತೋಷ ಎಂದರ್ಥ. ಮಗಳನ್ನು ಏಡನ್ನಿನ ಗೆಳೆಯರ ಮನೆಯಲ್ಲಿ ಮೂರು ವರ್ಷ ಬಿಟ್ಟಿದ್ದರು. ಅಲ್ಲಿಯವರು ತಮ್ಮ ಮಗನಿಗೆ ಕೇಳಿದರೂ ಬೆನ್ ಯಿಜು ಕೊಡಲಿಲ್ಲ. ಹೊರಗಿನವರಿಗಿಂತ ಅಣ್ಣತಮ್ಮಂದಿರ ಮಕ್ಕಳೇ ಹತ್ತಿರದವರು ಎಂಬುದು ಅವನ ನಿಲುವು. ಹಾಗೆ 1156ರಲ್ಲಿ ಈಜಿಪ್ಟಿನ ಫುಸ್ತಾತ್‌ನಲ್ಲಿ, ಅವಳನ್ನು ತನ್ನ ತಮ್ಮ ಯೋಸೇಫನ ಮಗ ಪೆರಾಹ್ಯನಿಗೆ ಕೊಟ್ಟು ಮದುವೆ ಮಾಡಿದ. ಪೆರಾಹ್ಯ ಎಂಬುದು ಬೆನ್ ಯಿಜುವಿನ ತಂದೆಯ ಹೆಸರು, ಅಜ್ಜನ ಹೆಸರು ಮೊಮ್ಮಗನಿಗೆ. ನಮ್ಮ ಕಡೆ ಸೋದರಮಾವನಿಗೆ ಕೊಟ್ಟೇವು, ಅತ್ತೆಯ ಮಗನಿಗೆ ಕೊಟ್ಟೇವು. ಚಿಕ್ಕಪ್ಪನ ಮಗ ಎಂದರೆ ಅಣ್ಣನೇ. ಅಳಿಯಸಂತಾನದ ಕರಾವಳಿಯವಳಿಗೂ ಅದು ಹಾಗೆಯೇ ಕಂಡಿರಬೇಕು. ಆ ಮದುವೆಯ ಸುದ್ದಿ ಅವಳನ್ನು ತಲುಪಿತ್ತೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಘೋಷರ ಪುಸ್ತಕದ ಕೊನೆಗೆ ಬೊಮ್ಮ ಸಿಕ್ಕುತ್ತಾನೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಇಟ್ಟಿರುವ ಒಂದು ಹರುಕು ಲೆಕ್ಕದ ಹಾಳೆಯಲ್ಲಿ, ಬೆನ್ ಯಿಜು ಈಜಿಪ್ಟಿಗೆ ಹೋದ ಮೇಲೆ ಬರೆದ ಲೆಕ್ಕದಲ್ಲಿ, ಅವನ ಹೆಸರಿದೆ. ಆಳು ಒಡೆಯನ ಹಿಂದೆ ಅಷ್ಟು ದೂರ ಹೋಗಿದ್ದ. ಆ ಹಾಳೆಯನ್ನು ಘೋಷರು ಅಲ್ಲಿಗೆ ಹೋಗಿ ನೋಡುತ್ತಾರೆ. ನಾನು ಆ ಪುಟ ಮುಗಿಸಿದ ಮೇಲೆ ಹಿಂದಕ್ಕೆ ಹೋಗಿ, ಅಕ್ಟೋಬರ್ 17ರ ಆ ಪತ್ರದ ಪುಟಗಳನ್ನು ಮತ್ತೆ ತೆಗೆದು, ಅವಳ ಎರಡು ಹೆಸರುಗಳ ಕೆಳಗೂ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಲೈಬ್ರರಿಯ ಪುಸ್ತಕವಲ್ಲ, ನನ್ನದೇ ಪ್ರತಿ.